ಮಾವ ಬೀಗ ಹಾಕುವುದಿಲ್ಲ

ನಮ್ಮ ಮಾವನ ಪ್ರಕಾರ ಐರ್ಲೆಂಡ್ ಒಂದು ಉಷ್ಣದೇಶ. ನಾವಿರುವ ಗಾಲ್ವೇ ಊರಿಗೆ ಊರೇ ಹಲ್ಲು ಕಟಕಟಿಸುತ್ತಿರುವಾಗ ಇವರು ಹಿತ್ತಿಲ ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಾರೆ. ನನ್ನ ಡೈರಿಯಲ್ಲಿ ಜನವರಿಯ ಮೊದಲ ಸೋಮವಾರದ ನಮೂದು ಹೀಗಿದೆ: ಅಮ್ಮನಿಗೆ ಸ್ವೆಟರ್ ಎರಡು, ಶಾಲು ಒಂದು; ಮಾವನಿಗೆ ಬನಿಯನ್ ಒಂದು, ಅದಕ್ಕೂ ತೂತು.

ಇಲಿಗೂ ಬೋನಿಡದ ಮನೆತನ ನಮ್ಮದು. ಅದರಲ್ಲಿ ಹುಟ್ಟಿದ ಅಮ್ಮನ ಈ ಅಣ್ಣ ಕೆನಡಾದ ಉತ್ತರದ ತುದಿಗೆ ಹೋಗಿ, ಹಿಮದಲ್ಲಿ ಬೋನಿಟ್ಟು ನರಿ ಹಿಡಿದು, ತುಪ್ಪಳ ಮಾರಿ ಅರ್ಧ ಆಯುಷ್ಯ ಕಳೆದರು. ಮಂಡಿ ಸವೆದ ಮೇಲೆ ನಮ್ಮಲ್ಲಿಗೆ ಬಂದರು. ಅಲ್ಲಿ ಊಟಕ್ಕೇನು ಮಾಡ್ತಿದ್ರಿ ಅಂತ ಕೇಳಿದರೆ, "ತಂಗಿ ಎದುರಿಗೆ ಹೇಳೋ ಹಂಗಿಲ್ಲ," ಅನ್ನುತ್ತಾರೆ.

ಒಮ್ಮೆ ಅಡುಗೆಮನೆಗೆ ಇಲಿ ಬಂತು. ಮನೆಯಲ್ಲೇ ತಜ್ಞರಿದ್ದಾರಲ್ಲ!

"ಅಣ್ಣ, ಅಷ್ಟು ನರಿ ಹಿಡಿದಿದೀಯ, ಇದೊಂದನ್ನ ಹಿಡಿ," ಅಂದಳು ಅಮ್ಮ.

"ಇದರ ತುಪ್ಪಳದಲ್ಲಿ ಒಂದು ಬೆರಳಿಗೂ ಗ್ಲೌಸ್ ಆಗಲ್ಲ ಕಣೇ. ಚಳಿಗಾಲ ಮುಗೀಲಿ, ಅದೇ ಹೋಗತ್ತೆ."

ಈಗ ಅದು ಸಂಸಾರ ಸಮೇತ ಇದೆ.

ಇದನ್ನೆಲ್ಲ ಅಮ್ಮ ಸಹಿಸಿದಳು. ಸಹಿಸದೇ ಹೋದದ್ದು ಬಾಗಿಲಿನ ವಿಷಯ. ಮಾವ ಹೊರಗೆ ಹೋಗುವಾಗ ಬೀಗ ಹಾಕುವುದಿಲ್ಲ. ಸಾಲದ್ದಕ್ಕೆ ಕಟ್ಟಿಗೆ ಸ್ಟೋವಿನಲ್ಲಿ ಒಣ ಸೌದೆ ಜೋಡಿಸಿ, ಪಕ್ಕದಲ್ಲಿ ಬೆಂಕಿಪೊಟ್ಟಣ ಬೇರೆ ಇಟ್ಟು ಹೋಗುತ್ತಾರೆ. ಕಳ್ಳನಿಗೂ ಚಳಿಯಾಗಬಾರದು ನೋಡಿ!

"ಅಲ್ಲಿ ಯಾರೂ ಬೀಗ ಹಾಕಲ್ಲ. ಹಿಮದಲ್ಲಿ ದಾರಿ ತಪ್ಪಿದೋರು ಬಂದ್ರೆ?"

"ಗಾಲ್ವೇಲಿ ತಪ್ಪೋದು ಬಸ್ಸು ಮಾತ್ರ ಅಣ್ಣ. ನಾಳೆ ನಿನ್ನ ಮಂಡಿ ಆಪರೇಷನ್ ಇದೆ. ಮುಗಿಸ್ಕೊಂಡು ಬರೋದ್ರೊಳಗೆ ತೀರ್ಮಾನ ಮಾಡು. ಬೀಗ ಹಾಕ್ತೀಯೋ, ಬೇರೆ ಮನೆ ನೋಡ್ಕೋತೀಯೋ."

"ಬೇರೆ ಮನೆಗೂ ಹಾಕಲ್ಲ," ಅಂದರು ಮಾವ.

ಮರುದಿನ ಅವರನ್ನು ಆಸ್ಪತ್ರೆಯಲ್ಲಿ ಬಿಟ್ಟು ಅಮ್ಮ, ನಾನು ಹೊರಟಾಗ ಬಿರುಗಾಳಿ ಎದ್ದಿತ್ತು. ರಸ್ತೆಗೆ ಮರ ಬಿದ್ದು ಬಸ್ಸು ಅರ್ಧದಲ್ಲೇ ನಿಂತಿತು. ಮಳೆಯಲ್ಲಿ ನೆನೆದು ನಡೆದು ಬಂದರೆ ಮನೆಯಲ್ಲಿ ಕರೆಂಟಿಲ್ಲ, ಹೀಟಿಂಗ್ ಇಲ್ಲ. ತಾನೇ ಹಾಕಿದ್ದ ಬೀಗವನ್ನು ಮರಗಟ್ಟಿದ ಬೆರಳುಗಳಿಂದ ತೆಗೆಯಲಾರದೆ ಅಮ್ಮ ಒದ್ದಾಡಿದಳು. ಒಳಗೆ ತಡಕಾಡಿದೆವು. ಸ್ಟೋವಿನಲ್ಲಿ ಸೌದೆ ಸಿದ್ಧವಾಗಿತ್ತು. ಆಸ್ಪತ್ರೆಗೆ ಹೊರಡುವ ಮುನ್ನ ಮಾವ ಕುಂಟುತ್ತಲೇ ಜೋಡಿಸಿಟ್ಟಿದ್ದರು. ಬೆಂಕಿಪೊಟ್ಟಣ ಅರ್ಧ ತೆರೆದಿತ್ತು. ಒಂದು ಕಡ್ಡಿ ಮಾತ್ರ ಹೊರಗೆ ಚಾಚಿಕೊಂಡಿತ್ತು, ಸೆಟೆದ ಬೆರಳಿಗೂ ಸಿಗುವ ಹಾಗೆ.

ಬೆಳಿಗ್ಗೆ ಅಮ್ಮ ಫೋನ್ ಮಾಡಿದಳು.

"ಹೆಂಗಿದೀಯ ಅಣ್ಣ?"

"ಗ್ರ್ಯಾಂಡ್. ಸ್ಟೋವ್ ಹತ್ತಿತಾ?"

"ಒಂದೇ ಕಡ್ಡಿಗೆ. ಬೆರಳೆಲ್ಲ ಸೆಟೆದು ಹೋಗಿತ್ತು, ಆದ್ರೂ ಸಿಕ್ತು."

"ಹಿಮದಲ್ಲಿ ಒಂದ್ಸಲ ನನ್ನ ಕೈಯೂ ಹಂಗೇ ಆಗಿತ್ತು ಕಣೇ. ಇನ್ನು ಮುಗೀತು ಅಂದ್ಕೊಂಡಾಗ ಯಾರದೋ ಗುಡಿಸಲು ಸಿಕ್ತು. ಸೌದೆ ಜೋಡಿಸಿ, ಕಡ್ಡಿ ಹೊರಗಿಟ್ಟು ಹೋಗಿದ್ರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ."

ಅವರನ್ನು ನೋಡಲು ಹೊರಡುವ ಮುನ್ನ ಅಮ್ಮ ಬೂದಿ ತೆಗೆದು ಸೌದೆ ಜೋಡಿಸಿದಳು. ಒಂದು ಕಡ್ಡಿಯನ್ನು ಅರ್ಧ ಹೊರಗೆಳೆದಿಟ್ಟಳು. ರೂಢಿಯಂತೆ ಬೀಗ ಹಾಕಿದಳು. ಗೇಟಿನ ತನಕ ಹೋದವಳು ನಿಂತಳು, ವಾಪಸ್ಸು ಬಂದು ಬೀಗ ತೆಗೆದಳು.