ಎಡಕ್ಕೆ ತಿರುಗದ ಕೆಂಪು ಕಾರು

ಖಡಕಿಯಿಂದ ಕ್ಯಾಂಪಿನವರೆಗೆ ಒಮ್ಮೆಯೂ ಎಡಕ್ಕೆ ತಿರುಗದೆ ಕಾರು ಓಡಿಸುವವರು ಇಡೀ ಪುಣೆಯಲ್ಲಿ ನಮ್ಮ ಕಾಕಾ ಒಬ್ಬರೇ! ಎಡಕ್ಕೆ ಹೋಗಬೇಕೆ? ಮೂರು ಸಲ ಬಲಕ್ಕೆ ತಿರುಗಿ ಅಲ್ಲಿಗೇ ಬರುತ್ತಾರೆ.

ತಪ್ಪು ಅವರದಲ್ಲ, ಗಾಲಿಗಳದು. ನಿವೃತ್ತರಾದವರೆಲ್ಲ ಕಾಶಿಗೆ ಹೊರಟರೆ ಇವರು ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದರು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ! ಪ್ರತಿ ಭಾನುವಾರ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕೂಡಿಸಿಕೊಂಡು ಕ್ಯಾಂಪಿಗೆ ಹೋಗಿ ಬೇಕರಿ ಬಿಸ್ಕತ್ತು ತರುವುದು ಅವರ ವ್ರತ. ಆ ಪೊಟ್ಟಣ ಬಿಚ್ಚಿದಾಗಿನ ಬೆಣ್ಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಆಮೇಲೆ ಕಾಕುವಿನ ಮೊಣಕಾಲು ಹಿಡಿದುಕೊಂಡವು. ಒಮ್ಮೆ ಬೇಕರಿ ಮುಂದೆ ಅವರನ್ನು ಕಾರಿನಿಂದ ಎತ್ತಲು ಗಿರಾಕಿಗಳೇ ಓಡಿಬಂದರು. ಕಾಕುವಿಗೆ ಅವಮಾನ.

"ಇದು ಕಾರಲ್ರೀ, ಬಾವಿ! ಇನ್ನ ನಾ ಒಲ್ಲೆ. ನೀವೊಬ್ಬರ ಹೋಗಿ ಬರ್ರಿ."

ಕಾಕಾನಿಗೆ ಊಟ ರುಚಿಸಲಿಲ್ಲ. ಮರುದಿನವೇ ನನ್ನನ್ನು ಟೈರಿನ ಅಂಗಡಿಗೆ ಎಳೆದೊಯ್ದರು. ದೊಡ್ಡ ಗಾಲಿ ಬೇಕಂತೆ! "ಸಾಯಿಜ್ ಸಾಂಗಾ, ಕಾಕಾ," ಎಂದು ಅಂಗಡಿಯವನು ಮರಾಠಿಯಲ್ಲಿ ಅಳತೆ ಕೇಳಿದ. ಕಾಕಾ ಜೇಬಿನಿಂದ ಗಂಟು ಹಾಕಿದ ದಾರ ತೆಗೆದು, ತುದಿಯನ್ನು ನೆಲಕ್ಕೆ ಒತ್ತಿ, ಗಂಟನ್ನು ಸೀಟಿನ ಪಕ್ಕ ಹಿಡಿದರು.

"ಇದ್ಯಾವ ಅಳತಿ ಕಾಕಾ?" ಎಂದೆ.

"ಅಡಗಿಮನಿ ಕುರ್ಚೀದು. ಅದರ ಮ್ಯಾಲಿಂದಷ್ಟ ನಿಮ್ಮ ಕಾಕು ಯಾರ ಕೈನೂ ಹಿಡೀದ ಏಳ್ತಾಳ."

ಅಂಗಡಿಯಲ್ಲಿದ್ದ ಅತಿ ದೊಡ್ಡ ಗಾಲಿ, ಟೈರು ಹಾಕಿಸಿದರೂ ಸೀಟು ಗಂಟಿನ ಎತ್ತರ ಮುಟ್ಟಲಿಲ್ಲ. ಉಳಿದದ್ದನ್ನು ಸೀಟಿನ ಮೇಲೆ ಮಡಚಿ ಹಾಸಿದ ಕೌದಿ ತುಂಬಿತು. ಬಲಕ್ಕೆ ಅಗಲ ತಿರುವು, ತೊಂದರೆಯಿಲ್ಲ; ಆದರೆ ಎಡದ ಇಕ್ಕಟ್ಟು ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರಕರ! "ಎಡಕ್ಕ ಏನ್ ಇಟ್ಟದ, ಬಿಡು," ಎಂದರು ಕಾಕಾ.

ಆ ಭಾನುವಾರ ಬೇಕರಿ ಮುಂದೆ ಕಾಕು ತಾವೇ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಸುತ್ತ ನೋಡಿದ ಠೀವಿ ಏನು ಹೇಳಲಿ! ದಸರೆಗೆ ಆ ಗಾಲಿಗಳಿಗೆ ಅರಿಷಿಣ ಕುಂಕುಮ ಹಚ್ಚುತ್ತಾ, "ನಿಮಗಿಂತ ಇವು ಛಲೋ ನೋಡ್ರಿ, ಹೇಳಿದ್ದ ಕೇಳ್ತಾವ," ಎಂದು ಗಂಡನ ಕಾಲೆಳೆದರು.

ಕಾಕು ತೀರಿಹೋಗಿ ವರ್ಷವಾಯಿತು. ಮೊನ್ನೆ ಕಾಕಾನ ಪಕ್ಕ ಅದೇ ಕೌದಿಯ ಮೇಲೆ ಕೂತು ಕ್ಯಾಂಪಿಗೆ ಹೊರಟಿದ್ದೆ. ಬಲಕ್ಕೆ ತಿರುಗಿ ತಿರುಗಿ ತಲೆ ಗಿರ್ ಎಂದಿತು.

"ಕಾಕಾ, ಇನ್ನಾದರೂ ಹಳೇ ಗಾಲಿ ಹಾಕಸ್ರಿ. ಎಡಕ್ಕೂ ತಿರಗತದ."

ಅವರು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದರು. ಆಮೇಲೆ ಒಂದು ಕೈಯಿಂದ ಕೌದಿಯ ಅಂಚು ಸರಿಮಾಡಿದರು.

"ಹಾಕಸಬಹುದು ತಮ್ಮಾ. ಆದ್ರ ಆಮ್ಯಾಲೆ ಇದು ಬರೇ ನನ್ನ ಕಾರ್ ಆಗತದ."