ತೂಫಾನ್ ಗೆದ್ದ ವಿಡಿಯೋ

ತಿಳವಳ್ಳಿಯ ಗುತ್ತೆಪ್ಪ ಆ ದಿನ ಬೆಳಿಗ್ಗೆ ತನ್ನ ಹೋರಿಯ ಜೊತೆ ಸೆಲ್ಫಿ ತೆಗೆದುಕೊಳ್ಳಲು ಹೋದದ್ದೇ ತಪ್ಪಾಯಿತು. ಮೊಬೈಲನ್ನು ಗೋದಲಿಯ ಅಂಚಿಗೆ ಒರಗಿಸಿ, ಹೋರಿಯ ಕೊರಳಿಗೆ ಕೈ ಹಾಕಿ, ಮೀಸೆ ತಿರುವಿ ನಿಂತ. ಮೊಬೈಲು ಜಾರಿ ಕೆಳಗೆ ಬಿತ್ತು. ನೊಣ ಓಡಿಸಲೆಂದು ಎತ್ತಿದ್ದ ಕಾಲನ್ನು ಹೋರಿ ಸರಿಯಾಗಿ ಅದರ ಮೇಲೇ ಇಟ್ಟಿತು. ಹಪ್ಪಳ ಮುರಿದಂಥ ಸದ್ದಾಯಿತು.

"ತೂಫಾನಾ, ಕಾಲ ಎತ್ತೋ! ನಿನ್ನ ಸಾಕ್ಷಿ ಅದರಾಗ ಐತೋ!" ಎಂದು ಗುತ್ತೆಪ್ಪ ಕೂಗಿಕೊಂಡ.

ತೂಫಾನ್ ಅವಸರ ಮಾಡಲಿಲ್ಲ. ಬಾಯಲ್ಲಿದ್ದ ಮೇವು ಮುಗಿಸಿ, ಬಾಲ ಬೀಸಿ, ಆಮೇಲೆ ಕಾಲೆತ್ತಿತು. ಅಷ್ಟರಲ್ಲಿ ಮೊಬೈಲು ರೊಟ್ಟಿಯಂತೆ ತಟ್ಟಿ ಇಟ್ಟ ಹಾಗಾಗಿತ್ತು.

ಸಾಕ್ಷಿ ಎಂದರೆ ಸಣ್ಣ ಮಾತಲ್ಲ. ಹೋದ ದೀಪಾವಳಿಯ ಹೋರಿ ಹಬ್ಬದಲ್ಲಿ ತೂಫಾನ್ ಕೊರಳಿನ ಕೊಬ್ಬರಿ ಸರವನ್ನು ಯಾರ ಕೈಗೂ ಕೊಡದೆ ಓಡಿತ್ತೆಂದು ಗುತ್ತೆಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಪಕ್ಕದ ಮನೆಯ ಫಕ್ಕೀರಪ್ಪ ಮಾತ್ರ ಒಪ್ಪಿರಲಿಲ್ಲ. ಅವನ ಬಳಿಯೂ ಒಂದು ಹೋರಿಯಿತ್ತು, ಹೆಸರು ಸುಬೇದಾರ. ಅದನ್ನೂ ಯಾರೂ ಹಿಡಿದಿರಲಿಲ್ಲ. ತೂಫಾನನ ಸರದಿಂದ ತನ್ನ ಅಳಿಯ ಒಂದು ಕೊಬ್ಬರಿ ಹರಿದುಕೊಂಡಿದ್ದಾನೆ, ಆದ್ದರಿಂದ ತೂಫಾನ್ ಸೋತ ಹೋರಿ ಎಂಬುದು ಫಕ್ಕೀರಪ್ಪನ ವಾದ. ಅಳಿಯ ಸಾಕ್ಷಿಗೆ ಒಂದು ಕೊಬ್ಬರಿ ಬಟ್ಟಲನ್ನೂ ತೋರಿಸುತ್ತಿದ್ದ. ಆದರೆ ಕೊಬ್ಬರಿಯ ಮೇಲೆ ಹೋರಿಯ ಹೆಸರು ಬರೆದಿರುತ್ತದೆಯೇ?

ಈ ಸಲ ಹಬ್ಬಕ್ಕೆ ಬಸ್ ನಿಲ್ದಾಣದ ಎದುರು ಆಳೆತ್ತರದ ಫ್ಲೆಕ್ಸ್ ನಿಲ್ಲಿಸುವುದೆಂದೂ ಸೋಲದ ಹೋರಿಯ ಫೋಟೋ ಅದರ ನಟ್ಟನಡುವೆ ಬರುವುದೆಂದೂ ಕಮಿಟಿ ಠರಾವು ಮಾಡಿತ್ತು. ಕಮಿಟಿಯ ಅಧ್ಯಕ್ಷ ಚನ್ನೇಶ ಆ ದಿನವೇ ತೀರ್ಮಾನ ಹೇಳಿ, ಸಂಜೆಯ ಬಸ್ಸಿಗೆ ಹಾನಗಲ್ಲಿಗೆ ಹೋಗಿ ಫ್ಲೆಕ್ಸ್ ಮಾಡಿಸಿ ತರುವವನಿದ್ದ. ಓಟದ ವಿಡಿಯೋವನ್ನು ಗುತ್ತೆಪ್ಪ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ನಿಂತು ತಾನೇ ಹಿಡಿದಿದ್ದ. ಕಮಿಟಿಯ ಎದುರು ಬಾಂಬಿನಂತೆ ಸಿಡಿಸಬೇಕೆಂದು ಯಾರಿಗೂ ಕಳಿಸದೆ, ಹೆಂಡತಿಗೂ ತೋರಿಸದೆ ಬಚ್ಚಿಟ್ಟಿದ್ದ. ಈಗ ಬಾಂಬಿನ ಮೇಲೆ ಹೋರಿ ಕಾಲಿಟ್ಟಿತ್ತು.

ತಟ್ಟಿದ ಮೊಬೈಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗುತ್ತೆಪ್ಪ ಬಸ್ ನಿಲ್ದಾಣದ ಎದುರಿನ ಇನಾಯತನ ಮೊಬೈಲ್ ಅಂಗಡಿಗೆ ಓಡಿದ. ಇನಾಯತ ಟವೆಲ್ಲು ಬಿಚ್ಚಿ ನೋಡಿ, ಹೆಣದ ಮುಖ ಮುಚ್ಚುವಂತೆ ಮತ್ತೆ ಮುಚ್ಚಿದ.

"ಇದು ಹೋತ್ರಿ ಕಾಕಾ. ಆದ್ರ ಚಿಂತಿ ಮಾಡಬ್ಯಾಡ್ರಿ. ಹಬ್ಬ ಆದ ಮ್ಯಾಲೆ ನೀವು ನನ್ನ ಕಡೆ ಬಂದು ಬ್ಯಾಕಪ್ ಮಾಡಿಸಿದ್ರಿ. ವಿಡಿಯೋ ಎಲ್ಲಾ ನನ್ನ ಕಂಪ್ಯೂಟರಿನ್ಯಾಗ ಭದ್ರ ಅದಾವು."

ಗುತ್ತೆಪ್ಪನಿಗೆ ಹೋದ ಜೀವ ಬಂತು. "ಹಂಗಾರ ತಗೀಪಾ ಲಗೂನ!"

"ತಗೀತೇನ್ರಿ. ಪಾಸ್‌ವರ್ಡ್ ಹೇಳ್ರಿ."

"ಯಾವ ಪಾಸ್‌ವರ್ಡ್?"

"ಯಾರೂ ತಗೀಬಾರದು, ಕೀಲಿ ಹಾಕು ಅಂತ ನೀವ ಹಟಾ ಹಿಡದಿದ್ರಲ್ರಿ. ನನಗೂ ತೋರಿಸದಂಗ ಆ ಮೂಲ್ಯಾಗ ಕುಂತು ಒತ್ತಿದ್ರಿ. ಅದಿಲ್ಲಂದ್ರ ನಾನಲ್ಲ, ನಮ್ಮಪ್ಪ ಬಂದ್ರೂ ತಗಿಯಾಕ ಆಗೂದಿಲ್ಲ."

ಗುತ್ತೆಪ್ಪ ಯೋಚಿಸಿದ. ತಲೆಯೊಳಗೆ ಸುಗ್ಗಿ ಮುಗಿದ ಕಣದಂತೆ ಎಲ್ಲ ಬಯಲಾಗಿತ್ತು.

"ತೂಫಾನ್ ಅಂತ ಇಟ್ಟಿರಬೇಕು, ಮತ್ತೇನ ಇಡ್ತೇನಿ?"

ಇನಾಯತ ಒತ್ತಿದ. ಕಂಪ್ಯೂಟರು ಕೆಂಪಕ್ಷರದಲ್ಲಿ ತಪ್ಪೆಂದಿತು. 'ತಿಳವಳ್ಳಿ ತೂಫಾನ್' ಒತ್ತಿದರೂ ತಪ್ಪು, 'ತೂಫಾನ್ ರಾಜಾ' ಒತ್ತಿದರೂ ತಪ್ಪು. ಪಕ್ಕದ ಚಹಾ ಅಂಗಡಿಯ ಹಯಾತ ಗದ್ದಲ ಕೇಳಿ ಸೌಟು ಹಿಡಿದುಕೊಂಡೇ ಬಂದ. ಅವನ ಹಿಂದೆ ಚಹಾ ಕುಡಿಯುತ್ತಿದ್ದವರು, ಅವರ ಹಿಂದೆ ಹಿರೇಕೆರೂರಿನ ಬಸ್ಸಿಗೆ ಕಾಯುತ್ತಿದ್ದವರು ಬಂದರು. ಯಾರದೋ ಮನೆಯ ಬೀಗದ ಕೈ ಕಳೆದರೆ ಹುಡುಕಲು ಊರೇ ಬರುವಂತೆ, ಗುತ್ತೆಪ್ಪನ ತಲೆಯಲ್ಲಿ ಕಳೆದದ್ದನ್ನು ಹುಡುಕಲು ಎಲ್ಲರೂ ಸೇರಿಕೊಂಡರು.

"ಮನಿದೇವರ ಹೆಸರ ಹಾಕ್ರಿ," ಎಂದ ಒಬ್ಬ. ಹಾಕಿದರು, ಆಗಲಿಲ್ಲ.

"ದೇವರ ಹೆಸರಿನ ಮುಂದ ಶ್ರೀ ಹಾಕ್ಲಿಲ್ಲ ನೀವು," ಎಂದು ಇನ್ನೊಬ್ಬ ಗದರಿದ. ಶ್ರೀ ಹಾಕಿದರು. ಆಗಲೂ ಆಗಲಿಲ್ಲ.

ಅಷ್ಟರಲ್ಲಿ ಸುದ್ದಿ ಮನೆ ಮುಟ್ಟಿ, ಗುತ್ತೆಪ್ಪನ ಹೆಂಡತಿ ನಾಗವ್ವ ಹಿಟ್ಟಿನ ಕೈಯಲ್ಲೇ ಬಂದಳು. ಗುಂಪು ದಾರಿ ಬಿಟ್ಟಿತು.

"ಯಾಕ ಇಷ್ಟ ತಲಿ ಕೆಡಿಸ್ಕೊಂಡೀರಿ? ಗಂಡಸರು ಹೇಣ್ತಿ ಹೆಸರ ಇಟ್ಟಿರ್ತಾರ ಅಂತ ಟಿವಿಯಾಗ ಹೇಳ್ಯಾರ. ನನ್ನ ಹೆಸರ ಹಾಕು ಇನಾಯತಾ."

ಇನಾಯತ ನಿಧಾನವಾಗಿ ಒತ್ತಿದ. ಕೆಂಪಕ್ಷರ ಬಂತು. ನಾಗವ್ವ ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಹೋರಿ ಹೆಸರ ಮೂರ ಸಲ ಹಾಕಿ ನೋಡಿದ್ರಂತ. ನನ್ನದು ನಾ ಬಂದು ಹೇಳಬೇಕಾತು. ಅದೂ ಅಲ್ಲ."

"ಹಂಗಲ್ಲ ನಾಗವ್ವ, ನಿನ್ನ ಹೆಸರ ಎಲ್ಲಾರಿಗೂ ಗೊತ್ತಾಗೂದು, ಅದಕ್ಕ..."

ಹಯಾತ ಸೌಟು ಎತ್ತಿ ನಡುವೆ ಬಾಯಿ ಹಾಕಿದ. "ಗುತ್ತೆಪ್ಪಣ್ಣ, ಮದವೀಗಿ ಮೊದಲ ನೀನು ಹಿರೇಕೆರೂರಿಗೆ ಒಂದ ಹೆಣ್ಣ ನೋಡಾಕ ಹೋಗಿದ್ಯಲ್ಲ? ಆಕಿ ಹೆಸರ ಏನಿತ್ತು?"

"ನೀಲವ್ವ," ಎಂದ ಗುತ್ತೆಪ್ಪ ತಟ್ಟನೆ.

ಹೋದ ವರ್ಷ ತಾನೇ ಇಟ್ಟ ಪಾಸ್‌ವರ್ಡು ನೆನಪಿಲ್ಲದವನ ಬಾಯಿಂದ, ಮದುವೆಗೆ ಮುಂಚೆ ಒಂದೇ ಸಲ ಚಹಾ ಕೊಟ್ಟು ಒಳಗೆ ಹೋದ ಹುಡುಗಿಯ ಹೆಸರು ಗುಂಡಿನಂತೆ ಹೊರಬಿದ್ದಿತ್ತು.

"ಹಾಕು," ಎಂದಳು ನಾಗವ್ವ.

"ಚಿಗವ್ವ, ಅದು..." ಎಂದ ಇನಾಯತ.

"ಹಾಕು ಅಂದೆ."

ಇನಾಯತ ಹಾಕಿದ. ಪುಣ್ಯಕ್ಕೆ ಅದೂ ತಪ್ಪಾಗಿತ್ತು. ಕೆಂಪಕ್ಷರ ಕಂಡು ಮೊದಲ ಸಲ ಗುತ್ತೆಪ್ಪನಿಗೆ ಸಂತೋಷವಾಯಿತು. ನಾಗವ್ವ ಮಾತ್ರ, "ನೀಲವ್ವನ ಮುಂದ ಶ್ರೀ ಹಾಕಿ ನೋಡ್ರಿ," ಎಂದು ಹಿಟ್ಟಿನ ಕೈ ಸೊಂಟಕ್ಕಿಟ್ಟುಕೊಂಡು ನಿಂತಳು.

ಆ ಹೊತ್ತಿಗೆ ಅಧ್ಯಕ್ಷ ಚನ್ನೇಶ ಬಂದ. ಅವನ ಬೆನ್ನಿಗೆ ಫಕ್ಕೀರಪ್ಪನೂ ಬಂದ, ಬಿಳಿ ಅಂಗಿ ಹಾಕಿಕೊಂಡು, ಫೋಟೋಗೆ ನಿಲ್ಲಲು ಹೊರಟವನಂತೆ.

"ಏನ ಗುತ್ತೆಪ್ಪ, ಸಾಕ್ಷಿ ಒಳಗ ಸಿಕ್ಕೊಂಡೈತಂತ?" ಎಂದು ಫಕ್ಕೀರಪ್ಪ ಹಲ್ಲು ಬಿಟ್ಟ. "ಇಲ್ಲದ್ದಕ್ಕ ಕೀಲಿ ಹಾಕೂದು ಭಾಳ ಸಸಾರ ನೋಡು."

ಆ ಮುಖ, ಆ ನಗು ಕಂಡದ್ದೇ ಗುತ್ತೆಪ್ಪನ ತಲೆಯಲ್ಲಿ ಮಿಂಚು ಹೊಡೆಯಿತು. ಬ್ಯಾಕಪ್ ಮಾಡಿಸಿದ ದಿನ ಇನಾಯತ ಹೇಳಿದ್ದ: ನಿಮ್ಮ ಮನಸಿಗೆ ಹತ್ತಿರದ್ದು ಇಡಬ್ಯಾಡ್ರಿ ಕಾಕಾ, ಮಂದಿ ಊಹೆ ಮಾಡ್ತಾರ. ಹಾಗಾದರೆ ಜಗತ್ತು ಮುಳುಗಿದರೂ ತನ್ನ ಬಾಯಲ್ಲಿ ಬರಲಾರದ ಮಾತು ಯಾವುದೆಂದು ಗುತ್ತೆಪ್ಪ ಆ ಮೂಲೆಯಲ್ಲಿ ಬಹಳ ಹೊತ್ತು ಕೂತು ಹುಡುಕಿದ್ದ. ಸಿಕ್ಕಿತ್ತು. ತನ್ನ ಜಾಣತನಕ್ಕೆ ತಾನೇ ನಕ್ಕು ಒತ್ತಿದ್ದ: 'ಸುಬೇದಾರ ಹುಲಿ ತೂಫಾನ್ ಇಲಿ.'

"ನೆನಪಾತು!" ಎಂದು ಕೂಗಿದವನು ಮರುಗಳಿಗೆಯೇ, "ಇಲ್ಲ, ನೆನಪಾಗಿಲ್ಲ," ಎಂದ.

"ನೆನಪಾಗೇತಿ. ಮುಖ ನೋಡಿದ್ರ ಗೊತ್ತಾಗತೈತಿ," ಎಂದಳು ನಾಗವ್ವ. "ಹೇಳ್ರಿ."

"ಎಲ್ಲಾರೂ ಚೂರ ಹೊರಗ ನಿಂದ್ರಿ, ನಾ ಒಬ್ಬನ ಒತ್ತತೇನಿ."

"ಯಾಕ? ಇನ್ನ ಯಾರ ಹೆಸರ ಐತಿ ಅದರಾಗ?"

ಯಾರೂ ಹೊರಗೆ ಹೋಗಲಿಲ್ಲ. ಹಿರೇಕೆರೂರಿನ ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು. ಅದಕ್ಕೆ ಕಾಯುತ್ತಿದ್ದವರೂ ಕದಲಲಿಲ್ಲ. ಗುತ್ತೆಪ್ಪ ಕೀಲಿಮಣೆಯ ಮೇಲೆ ಟವೆಲ್ಲು ಹೊದಿಸಿ, ಒಳಗೆ ಕೈ ತೂರಿಸಿ, ಒಂದೇ ಬೆರಳಲ್ಲಿ ತಡವರಿಸಿ ಒತ್ತಿದ. ಪರದೆಯ ಮೇಲೆ ಅಕ್ಷರಗಳ ಬದಲು ಚುಕ್ಕೆಗಳು ಮಾತ್ರ ಮೂಡಿದ್ದರಿಂದ ದೇವರು ದೊಡ್ಡವನೆನಿಸಿತು. ಆದರೆ ಕೊನೆಗೆ ಬಂದದ್ದು ಕೆಂಪಕ್ಷರ.

"ಕಾಣಲಾರದ ಒತ್ತಿದ್ರ ಹಿಂಗ ಆಗತೈತ್ರಿ, ಎಲ್ಲೋ ಒಂದ ಅಕ್ಷರ ತಪ್ಪೈತಿ," ಎಂದ ಇನಾಯತ. "ಇನ್ನ ಒಂದ ಸಲ ತಪ್ಪಿದ್ರ ನಾಳೆತನಕಾ ಬಾಗಲಾ ಮುಚ್ಚಿಬಿಡತೈತಿ. ಇಲ್ಲೆ ಕಣ್ಣಿನ ಗುರ್ತ ಐತಲ್ಲ, ಅದನ್ನ ಒತ್ತಿದ್ರ ಅಕ್ಷರ ಕಾಣತಾವು. ನೋಡ್ಕೊಂಡು ಒತ್ರಿ."

ನಾಳೆಗೆ ಫ್ಲೆಕ್ಸ್ ಆಗಿ ಹೋಗಿರುತ್ತದೆ. ಸುಬೇದಾರ ನಡುವೆ ನಿಂತಿರುತ್ತಾನೆ. ಒತ್ತಿದರೆ ಫಕ್ಕೀರಪ್ಪ ಓದುತ್ತಾನೆ, ಬಿಟ್ಟರೆ ಇವತ್ತು ಮನೆಯಲ್ಲಿ ನೀಲವ್ವನೇ ರೊಟ್ಟಿ ಬಡಿಯಬೇಕಾಗುತ್ತದೆ. ಗುತ್ತೆಪ್ಪ ಕಣ್ಣು ಮುಚ್ಚಿ ತೂಫಾನನನ್ನು ನೆನೆದು, ಕಣ್ಣಿನ ಗುರುತನ್ನು ಒತ್ತಿದ. ಪರದೆಗೆ ಬೆನ್ನು ಅಡ್ಡ ಹಿಡಿದು ಒಂದೊಂದೇ ಅಕ್ಷರ ಮೂಡಿಸಿದ. ಆದರೆ ಅಧ್ಯಕ್ಷ ಚನ್ನೇಶ ಎತ್ತರದ ಆಳು. ಎಲ್ಲಿ ಅಕ್ಷರ ಕಂಡರೂ ಮೈಕಿನ ಮುಂದೆ ನಿಂತಂತೆ ಓದುವುದು ಅವನ ಚಟ.

"ಸುಬೇದಾರ... ಹುಲಿ... ತೂಫಾನ್... ಇಲಿ!"

ಅದೇ ಗಳಿಗೆಗೆ ಬ್ಯಾಕಪ್ಪು ಹಸಿರಾಗಿ ತೆರೆದುಕೊಂಡಿತು.

"ಇನ್ನೊಮ್ಮೆ ಓದ ಚನ್ನೇಶ, ಸರಿಯಾಗಿ ಕೇಳಿಸಲಿಲ್ಲ," ಎಂದ ಫಕ್ಕೀರಪ್ಪ, ಮೊಬೈಲು ತೆಗೆದು ಪರದೆಯ ಫೋಟೋ ಹೊಡೆಯುತ್ತ.

ನಾಗವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹಿಟ್ಟು ಮೂಗಿಗೆಲ್ಲ ಹತ್ತಿತು. ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುತ್ತೆಪ್ಪನಿಗೆ ರೋಷ ಉಕ್ಕಿತು.

"ನಗ್ರಿ, ನಗ್ರಿ! ಈಗ ಹುಲಿ ಯಾರು ಅಂತ ತೋರಿಸ್ತೇನಿ. ಇನಾಯತಾ, ಈ ಸಣ್ಣದ್ರಾಗ ಬ್ಯಾಡ. ಹಯಾತನ ಅಂಗಡಿ ದೊಡ್ಡ ಟಿವಿಗೆ ಹಾಕು. ಎಲ್ಲಾರೂ ಕಣ್ಣ ತಗದ ನೋಡ್ಲಿ!"

ಎಲ್ಲರೂ ಚಹಾ ಅಂಗಡಿಗೆ ನುಗ್ಗಿದರು. ಟಿವಿಯಲ್ಲಿ ಧೂಳೆಬ್ಬಿಸುತ್ತ ತೂಫಾನ್ ಬಂತು. ಕೋಡಿಗೆ ಬಲೂನು, ಬೆನ್ನಿಗೆ ಬಣ್ಣದ ಝೂಲಾ ಹೊದಿಕೆ, ಕೊರಳಲ್ಲಿ ಕುಣಿಯುವ ಕೊಬ್ಬರಿ ಸರ. ಫಕ್ಕೀರಪ್ಪನ ಅಳಿಯ ಎರಡೂ ಕೈ ಚಾಚಿ ಹಾರಿದ, ಹೋರಿ ಪಕ್ಕಕ್ಕೆ ಸರಿಯಿತು, ಅಳಿಯ ಸಗಣಿ ಗುಂಡಿಯಲ್ಲಿ ಮುಖ ಕೆಳಗಾಗಿ ಬಿದ್ದ. ಕೊಬ್ಬರಿಯ ಮಾತಿರಲಿ, ಹೋರಿಯ ಬಾಲದ ಕೂದಲೂ ಅವನ ಕೈಗೆ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ಶಿಳ್ಳೆ ಬಿದ್ದವು. ಫಕ್ಕೀರಪ್ಪನ ಬಿಳಿ ಅಂಗಿ ಕಳೆಗುಂದಿತು.

"ನೋಡಿದ್ಯಾ ಫಕ್ಕೀರಪ್ಪ?" ಎಂದು ಗುತ್ತೆಪ್ಪ ಕಾಲರ್ ಎತ್ತಿದ. "ಅಂದ ಮಾತ ವಾಪಸ್ ತಗೋ!"

"ತೂಫಾನ್ ಗೆದ್ದಂಗ ಆತು," ಎಂದು ಚನ್ನೇಶ ಗಂಟಲು ಸರಿಮಾಡಿಕೊಂಡ. "ಕಮಿಟಿ ವತಿಯಿಂದ..."

"ತಡಿ," ಎಂದ ಫಕ್ಕೀರಪ್ಪ. ಅವನ ಕಣ್ಣು ಇನ್ನೂ ಟಿವಿಯ ಮೇಲೇ ಇತ್ತು. "ಓಟ ಮುಗಿಯೂ ಗೆರಿ ಇನ್ನ ಮುಂದ ಐತಿ, ಆ ಬೇವಿನ ಗಿಡದ ಕಡೆ. ಗಿಡದ ಈಚಿ ಕಡೆ ಹಸರ ಸೀರಿ ಉಟ್ಟ ಹೆಣಮಗಳು ಯಾರದು?"

ಇನಾಯತ ವಿಡಿಯೋವನ್ನು ಹಿಂದೆ ಎಳೆದು ನಿಧಾನಕ್ಕೆ ಬಿಟ್ಟ. ಮೊಬೈಲಿನ ಪುಟ್ಟ ಪರದೆಯಲ್ಲಿ ಗುತ್ತೆಪ್ಪ ಎಷ್ಟೋ ಸಲ ನೋಡಿದ್ದರೂ ಅಳಿಯ ಸಗಣಿಗೆ ಬಿದ್ದ ಮೇಲೆ ಮುಂದೆ ನೋಡುವ ಗೋಜಿಗೆ ಹೋಗಿರಲಿಲ್ಲ. ಈಗ ಮೊರದಗಲದ ಟಿವಿಯಲ್ಲಿ ಸ್ಪಷ್ಟವಾಗಿ ಕಂಡಿತು. ಮಂದಿಯ ನಡುವಿನಿಂದ ಹಸಿರು ಸೀರೆಯ ಹೆಂಗಸು ಎರಡು ಹೆಜ್ಜೆ ಮುಂದೆ ಬಂದು ಏನೋ ಕೂಗುತ್ತಾಳೆ. ಗಾಳಿಯಂತೆ ಬರುತ್ತಿದ್ದ ತೂಫಾನ್ ಶಾಲೆಯ ಹುಡುಗನಂತೆ ಗಕ್ಕನೆ ನಿಲ್ಲುತ್ತದೆ, ಕೊರಳು ಚಾಚುತ್ತದೆ. ಆಕೆ ಕೊರಳಿಗೆ ಕೈ ಹಾಕಿ, ಏನನ್ನೋ ಕಿತ್ತು, ಬೆನ್ನಿಗೊಂದು ಏಟು ಕೊಟ್ಟು ಮುಂದೆ ಕಳಿಸುತ್ತಾಳೆ.

ಅಂಗಡಿಯಲ್ಲಿದ್ದ ಎಲ್ಲ ಮುಖಗಳೂ ಟಿವಿ ಬಿಟ್ಟು ನಾಗವ್ವನ ಕಡೆ ತಿರುಗಿದವು.

"ಹೌದು, ನಾನ," ಎಂದಳು ನಾಗವ್ವ. "ಸರದ ಹಗ್ಗ ಬಿಗದು ಕೂಸಿಗೆ ಉಸರ ಕಟ್ಟಾಕತ್ತಿತ್ತು. ಇವರಿಗೆ ಹಗ್ಗ ಕಟ್ಟಾಕ ಎಲ್ಲಿ ಬರತೈತಿ? ಸಡ್ಲ ಮಾಡಿದೆ, ಒಂದ ಕೊಬ್ಬರಿ ಕೈಯಾಗ ಬಂತು."

"ಕೊಬ್ಬರಿ ಹರದ್ಯಾ?" ಗುತ್ತೆಪ್ಪನ ಧ್ವನಿ ಬಾವಿಯೊಳಗಿಂದ ಬಂದಂತಿತ್ತು. "ನನಗ್ಯಾಕ ಹೇಳಲಿಲ್ಲ?"

"ಹೇಳೂದೇನೈತಿ? ಮರುದಿನ ಚಟ್ನಿ ಅರದೆ. ಭಾರಿ ಆಗೇತಿ ಅಂತ ನೀವ ಎರಡ ಸಲ ಹಾಕಿಸ್ಕೊಂಡ ಉಂಡ್ರಿ."

ಚನ್ನೇಶ ತಲೆ ಕೆರೆದುಕೊಂಡ. ಗೆರೆ ಮುಟ್ಟುವ ಮುಂಚೆ ಕೊಬ್ಬರಿ ಹರಿದವರು ಹೋರಿಯನ್ನು ಹಿಡಿದ ಹಾಗೆ, ಅದು ಹಳೆಯ ಕಾಯಿದೆ. ಹರಿದವರು ಹೆಂಗಸಾಗಿರಬಾರದೆಂದಾಗಲೀ ಹೋರಿಯ ಮನೆಯವರಾಗಿರಬಾರದೆಂದಾಗಲೀ ಯಾರೂ ಎಂದೂ ಹೇಳಿರಲಿಲ್ಲ.

"ಹಂಗಾರ ತೂಫಾನ್ ಸೋತ. ನನ್ನ ಸುಬೇದಾರ ನಡುವ!" ಎಂದು ಫಕ್ಕೀರಪ್ಪ ಎದ್ದು ನಿಂತ.

"ಕುಂದರಪಾ," ಎಂದಳು ಗುಂಪಿನಲ್ಲಿದ್ದ ಒಬ್ಬ ಅಜ್ಜಿ. "ಇಡೀ ತಾಲೂಕಿನ ಗಂಡಸರಿಗೆ ಹಿಡಿಯಾಕ ಆಗದ ಹೋರೀನ ಒಂದ ಮಾತಿನ್ಯಾಗ ನಿಲ್ಲಿಸಿದಾಕಿ ಈಕಿ. ಈಕಿನ್ನ ಬಿಟ್ಟು ಹೋರಿ ಚಿತ್ರಾ ಯಾರಿಗೆ ಬೇಕು?"

ಹೆಂಗಸರೆಲ್ಲ ಹೌದೆಂದರು. ಹಯಾತ ಸೌಟು ಬಡಿದು ಹೌದೆಂದ. ಇಷ್ಟು ಜನ ಹೌದೆಂದದ್ದಕ್ಕೆ ಅಲ್ಲವೆಂದರೆ ಮುಂದಿನ ವರ್ಷ ಅಧ್ಯಕ್ಷಗಿರಿ ಉಳಿಯುವುದಿಲ್ಲವೆಂದು ಚನ್ನೇಶನಿಗೆ ಗೊತ್ತಿತ್ತು. ಅಲ್ಲೇ ತೀರ್ಮಾನವಾಯಿತು.

ಫೋಟೋ ತೆಗೆಯುವಾಗ ತೂಫಾನ್ ಕ್ಯಾಮೆರಾ ಕಂಡು ಬೆದರಿ ಕುಣಿಯತೊಡಗಿತು. ಯಾರಾದರೂ ಪಕ್ಕದಲ್ಲಿ ಹಗ್ಗ ಹಿಡಿದು ನಿಲ್ಲಬೇಕಾಯಿತು. ಗುತ್ತೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೀಸೆಗೆ ಎಣ್ಣೆ ಹಚ್ಚಿ, ಹಗ್ಗ ಹಿಡಿದು ನಿಂತ.

ಈಗ ಬಸ್ ನಿಲ್ದಾಣದ ಎದುರು ಆ ಫ್ಲೆಕ್ಸ್ ನಿಂತಿದೆ. ಎಡಕ್ಕೆ ಸುಬೇದಾರ, ಕೆಳಗೆ ದುಂಡಗೆ ಕತ್ತರಿಸಿದ ಕಮಿಟಿಯ ಮುಖಗಳು, ನಟ್ಟನಡುವೆ ಹಸಿರು ಸೀರೆಯ ನಾಗವ್ವ, ಆಕೆಯ ಹೆಗಲಿಗೆ ಮೂತಿ ಒರಗಿಸಿದ ತೂಫಾನ್. ಬಲಗಡೆಯ ಕೊನೆಯಲ್ಲಿ ಹಗ್ಗ ಹಿಡಿದ ಒಂದು ಕೈ ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ಜಾಗ ಸಾಲಲಿಲ್ಲವಂತೆ.

ಪರ ಊರಿನವರು ಬಸ್ಸಿಗೆ ಕಾಯುತ್ತ ನಿಂತು ಫ್ಲೆಕ್ಸ್ ನೋಡುತ್ತಿದ್ದರೆ ಗುತ್ತೆಪ್ಪ ಮೆಲ್ಲಗೆ ಹತ್ತಿರ ಹೋಗಿ, "ಆ ಕೈ ನಂದರಿ," ಎನ್ನುತ್ತಾನೆ.

ಅವರು ಫ್ಲೆಕ್ಸ್ ನೋಡಿ, ಅವನ ಕೈ ನೋಡಿ, "ಹೌದೇನ್ರಿ?" ಎನ್ನುತ್ತಾರೆ. ಆಮೇಲೆ ಕೇಳುತ್ತಾರೆ, "ನಡುವ ನಿಂತಾರಲ್ರಿ, ಆ ಅಕ್ಕಾರ ಪರಿಚಯ ಐತೇನ್ರಿ ನಿಮಗ?"