ಗಾಲಿಮನೆಯ ಗೃಹಪ್ರವೇಶ

ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ನೀವು ಎಂದಾದರೂ ಬಂದಿದ್ದರೆ ನನ್ನ ಧ್ವನಿ ಕೇಳಿಯೇ ಇರುತ್ತೀರಿ. "ಪ್ರಯಾಣಿಕರ ಗಮನಕ್ಕೆ, ಹನೂರು ಮಾರ್ಗವಾಗಿ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು..." ಎಂದು ಬಾಯಿಂದ ಅರ್ಧ, ಮೂಗಿನಿಂದ ಅರ್ಧ ಹೊರಡುತ್ತಿದ್ದ ಆ ಧ್ವನಿ ಈ ಶಾಂತರಾಜುವಿನದೇ. (ಹೆಸರಿನಲ್ಲಿದ್ದ ಶಾಂತಿ ನಾಮಕರಣದ ದಿನವೇ ಖರ್ಚಾಗಿಹೋಯಿತು.) ವಿಚಾರಣೆ ಕೊಠಡಿಯ ಸರಳಿನ ಕಿಟಕಿಯ ಹಿಂದೆ ಕುಳಿತು ನಾನು ಲೋಕವನ್ನೆಲ್ಲ ಊರೂರಿಗೆ ಕಳಿಸಿದೆ. ಯಳಂದೂರಿನ ಬೀಗರ ಮನೆಗೆ ಹೊರಟವರು, ಬೆಟ್ಟಕ್ಕೆ ಮುಡಿ ಕೊಡಲು ಹೊರಟವರು, ಎಲ್ಲರೂ ನನ್ನ ಕಣ್ಣೆದುರೇ ಕಿಟಕಿ ಪಕ್ಕದ ಸೀಟು ಹಿಡಿದು ಕಡಲೆಕಾಯಿ ಸುಲಿಯುತ್ತ ಹೋದರು. ನಾನು ಮಾತ್ರ ಕುರ್ಚಿಯಲ್ಲೇ ಉಳಿದೆ.

ನಿವೃತ್ತಿಯಾದ ಮಾರನೆಯ ದಿನದಿಂದ ನನ್ನ ಕಾಲುಗಳಿಗೆ ಏನೋ ಆಯಿತು. ಕೂತರೆ ಏಳು ಎನ್ನುತ್ತವೆ, ಎದ್ದರೆ ನಡೆ ಎನ್ನುತ್ತವೆ. ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ, ಅಲ್ಲಿ ಏನೂ ಕೆಲಸವಿಲ್ಲವೆಂದು ನೆನಪಾಗಿ ಮತ್ತೆ ಜಗಲಿಗೆ.

"ಮನೆ ಒಳಗೇ ಲೋಕಲ್ ಬಸ್ಸು ಬುಟ್ಟಂಗೆ ಆಡ್ತೀರಲ್ಲ, ಒಂದ್ಕಡೆ ಕೂತ್ಗಳ್ರಿ," ಎಂದಳು ನನ್ನ ಹೆಂಡತಿ ಕೋಮಲ.

"ಎಲ್ಲಿಗಾದ್ರೂ ಹೋಗಿಬರೋಣ ಕಣೆ."

"ಲಾಡ್ಜಿನ ಆಸಿಗೇಲಿ ನಾನು ಮಲಗಾಕಿಲ್ಲ. ಯಾರ್ಯಾರು ಹೊರಳಾಡಿರ್ತಾರೋ. ಓಟ್ಲು ಸಾರು ಕುಡುದ್ರೆ ಎದೆ ಉರೀತದೆ. ನನ್ನ ದಿಂಬು ನನ್ನ ಒಲೆ ಇಲ್ದ ಕಡೆ ನಂಗೆ ನಿದ್ದೆ ಬರಾಕಿಲ್ಲ."

ಒಬ್ಬನೇ ಹೋಗಬಹುದಿತ್ತು. ಆದರೆ ತಿರುವಿನಲ್ಲಿ ಗುಡ್ಡ ಕಂಡಾಗ "ಅಕೋ ನೋಡು" ಎನ್ನಲು ಪಕ್ಕದಲ್ಲಿ ಒಬ್ಬರು ಬೇಡವೇ? ಆ ಒಬ್ಬರು ಕೋಮಲಳೇ ಆಗಬೇಕೆಂಬುದು ನನ್ನ ಹಟ. ಹಾಗೆ ಹಿತ್ತಿಲಿಗೂ ಜಗಲಿಗೂ ಓಡಾಡುತ್ತಿದ್ದಾಗಲೇ ಒಂದು ಬೆಳಿಗ್ಗೆ ನನಗೆ ಜ್ಞಾನೋದಯವಾಯಿತು: ಇವಳು ಮನೆ ಬಿಟ್ಟು ಬರುವುದಿಲ್ಲವೆಂದರೆ ಮನೆಯನ್ನೇ ಕರೆದುಕೊಂಡು ಹೋದರಾಯಿತು!

ಹನೂರು ರಸ್ತೆಯ ವೆಲ್ಡಿಂಗ್ ಅಂಗಡಿಯವನು ಹಳೆಯ ಟ್ರೈಲರಿನ ಮೇಲೆ ತಗಡಿನ ಗೋಡೆ ನಿಲ್ಲಿಸಿ, ಒಳಗೆ ಮಂಚ, ಗ್ಯಾಸ್ ಒಲೆ, ಮೂಲೆಯಲ್ಲಿ ಪುಟ್ಟ ಕಕ್ಕಸು ಕೂರಿಸಿ ಗಾಲಿಮನೆ ಮಾಡಿಕೊಟ್ಟ. ಕಳ್ಳರ ಭಯಕ್ಕೆ ಎಲ್ಲ ಕಿಟಕಿಗಳಿಗೂ ಕಬ್ಬಿಣದ ಗ್ರಿಲ್ಲು ನಾನೇ ಹಾಕಿಸಿದೆ. ಮುಂದಿನ ಕಿಟಕಿಯ ಗ್ರಿಲ್ಲಿನಲ್ಲಿ ಹಾರುತ್ತಿರುವ ಎರಡು ಹಂಸಗಳು. ಒಂದು ನಾನು, ಇನ್ನೊಂದು ಕೋಮಲ. (ಅವಳಿಗೆ ಅವು ಬಾತುಕೋಳಿಯಂತೆ ಕಂಡವು.)

ಗಾಲಿಮನೆ ಬೀದಿಯಲ್ಲಿ ನಿಂತಿತು, ತೊಂದರೆಯೂ ಶುರುವಾಯಿತು. ಅದರ ನೆರಳಲ್ಲಿ ಯಾರೋ ಎಮ್ಮೆ ಕಟ್ಟಿದರು. ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣಿನ ಕ್ಯಾಂಪು ಬಂದಿದೆಯೆಂದು ಮುದುಕಿಯರು ಸಾಲು ಹಿಡಿದು ಕುಳಿತಿದ್ದರು.

"ಬೀದೀಲಿ ನಿಂತಿರೋ ಮನೆಗೆ ನಾನು ಕಾಲಿಡಾಕಿಲ್ಲ," ಎಂದಳು ಕೋಮಲ. "ಪಕ್ಕದ ಗೇಟಲ್ಲಿ ಅದು ಒಳಕ್ಕೆ ಬಂದ್ರೆ ಬೆಟ್ಟಕ್ಕೆ ಬತ್ತೀನಿ. ನನ್ನ ಮಾತು ಮಾತೇ. ಬರ್ನಿಲ್ವಾ, ಕುಂತೂರು ಸಕ್ರೆ ಫ್ಯಾಕ್ಟ್ರಿ ಮುಂದೆ ಟೀ ಅಂಗಡಿ ಇಡೋರಿಗೆ ಕೊಟ್ಬುಡಿ. ಆಮ್ಯಾಕೆ ಊರು ಕೇರಿ ಅಂತ ನನ್ ತಲೆ ತಿನ್ನಂಗಿಲ್ಲ."

ಹೀಗೆ ನನ್ನ ಬಾಳಿನ ಸಮಸ್ತ ಪ್ರಯಾಣಗಳೂ ಆ ಪಕ್ಕದ ಗೇಟಿನ ಎರಡು ಕಂಬಗಳ ನಡುವೆ ಬಂದು ನಿಂತವು.

ಮುಂಬಾಗಿಲ ದಾರಿಯಲ್ಲಿ ತುಳಸಿಕಟ್ಟೆ ಇರುವುದರಿಂದ ಪಕ್ಕದ ಗೇಟೇ ಗತಿ. ಅದರೊಳಗೆ ನಮ್ಮ ಗೋಡೆಗೂ ನೆರೆಯ ರಂಗನಾಥನ ಕಾಂಪೌಂಡಿಗೂ ನಡುವೆ ಓಣಿ, ಓಣಿಯಾಚೆ ಹಿತ್ತಿಲು. ನಾನು ಟೇಪು ಹಿಡಿದು ಗೇಟನ್ನು ಅಳೆದೆ, ಗಾಲಿಮನೆಯನ್ನು ಅಳೆದೆ, ಅನುಮಾನ ಬಂದು ಮತ್ತೆ ಗೇಟನ್ನು ಅಳೆದೆ. ಗೇಟಿನ ಬಾಗಿಲು ಕಳಚಿಟ್ಟರೆ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ಓಣಿಯ ನಡುವೆ ಕೋಮಲ ಬಟ್ಟೆ ಒಗೆಯುತ್ತಿದ್ದಳು.

"ಗೇಟು ಒಂದ್ನೇ ಅಳುದ್ರೆ ಸಾಕಾ?" ಎಂದಳು, ನನ್ನ ಪಂಚೆಯನ್ನು ಎತ್ತಿ ಬಡಿಯುತ್ತ.

ಹೆಂಗಸರಿಗೆ ಅಳತೆಯ ವಿಷಯದಲ್ಲಿ ಯಾವಾಗಲೂ ಅಪನಂಬಿಕೆ ಎಂದುಕೊಂಡು ಟೇಪು ಸುತ್ತಿದೆ.

ಟ್ರೈಲರನ್ನು ಹಿಮ್ಮುಖವಾಗಿ ಓಡಿಸುವುದು ಕಬ್ಬಿನ ಟ್ರ್ಯಾಕ್ಟರಿನವರಿಗೆ ಒಲಿದ ವಿದ್ಯೆ. ಕುಂತೂರಿನ ಪುಟ್ಟಮಾದಯ್ಯನನ್ನು ಗೊತ್ತು ಮಾಡಿದೆ. "ಗೇಟಾ? ಸೂಜಿ ಕಣ್ಣಲ್ಲೂ ನುಗ್ಗುಸ್ತೀನಿ ಬುಡಿ ಸಾ," ಎಂದ. ಅಷ್ಟಕ್ಕೇ ಮುಗಿಯುತ್ತಿತ್ತೇನೋ, ನನ್ನ ತಾಯಿ ಚಿಕ್ಕಬಸಮ್ಮನವರು ಕೋಲೂರಿಕೊಂಡು ಬಂದು ಗಾಲಿಮನೆಯ ಒಳಹೊಕ್ಕು ನೋಡದಿದ್ದರೆ.

"ಒಲೆ ಅದೆ, ಮಂಚ ಅದೆ, ಒಸಲು ಅದೆ. ಇದು ಗಾಡಿ ಅಲ್ಲ, ಮನೆ ಕಣ್ಲಾ," ಎಂದರು. "ಆಲು ಉಕ್ಕಿಸ್ದೆ ಒಳಕ್ಕೆ ತರಂಗಿಲ್ಲ. ಆಲು ಉಕ್ಕಿದ ದಿನವೇ ಬೆಟ್ಟಕ್ಕೆ ಬಂದು ಕೈ ಮುಗೀತೀವಿ ಅಂತ ಮಾದಪ್ಪನಿಗೆ ಏಳ್ಕಂಡಿವ್ನಿ."

ಸೋಮವಾರ ಬೆಳಿಗ್ಗೆ ಮುಹೂರ್ತ. ಗಾಲಿಮನೆ ಹಿತ್ತಿಲಿನಲ್ಲಿ ನಿಂತ ಮೇಲೆ ಹಾಲುಕ್ಕಿಸಿ, ಮಧ್ಯಾಹ್ನ ಬಾಡಿಗೆ ಜೀಪಿಗೆ ಕಟ್ಟಿಕೊಂಡು ಮೂವರೂ ಬೆಟ್ಟಕ್ಕೆ ಹೊರಡುವುದೆಂದು ನನ್ನ ಯೋಜನೆ. ಕೋಮಲ ರೇಷ್ಮೆ ಸೀರೆ ಉಟ್ಟು, ಬ್ಯಾಗು ಕಟ್ಟಿ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಎಲ್ಲರೂ ಬಂದರು, ಪುಟ್ಟಮಾದಯ್ಯ ಬರಲಿಲ್ಲ. ರಾಹುಕಾಲ ಮುಗಿದು ಮುಹೂರ್ತ ಬಂತು, ಮುಹೂರ್ತ ಜಾರತೊಡಗಿತು. ಕೊನೆಗೆ ಅವನು ಕಬ್ಬು ತುಂಬಿದ ತನ್ನ ಟ್ರೈಲರನ್ನು ಬೀದಿಯ ತುದಿಯಲ್ಲಿ ಕಳಚಿಟ್ಟು ಓಡಿಬಂದ.

"ಟೇಮಿಲ್ಲ," ಎಂದರು ಅಮ್ಮ. "ಅವನು ತಳ್ತಾ ಇರ್ಲಿ. ನೀನು ಒಳಗೆ ಓಗಿ ದೀಪ ಅಚ್ಚಿ ಆಲು ಇಡು. ಮೂಡ್ಲು ದಿಕ್ಕಿಗೆ ಉಕ್ಬೇಕು, ನೋಡ್ಕೊ."

"ಚಲಿಸುವ ಮನೆಯಲ್ಲಿ ಮೂಡಲು ಯಾವುದಮ್ಮ?"

"ಸೂರ್ಯ ಚಲಿಸ್ತಾನಾ ನಿನ್ ಮನೆ ಜೊತೆ? ಅತ್ಲಾ ಒಳಕ್ಕೆ."

ಹತ್ತಿದೆ, ಬಾಗಿಲು ಎಳೆದುಕೊಂಡೆ, ಗೂಡಿನಲ್ಲಿ ದೀಪ ಹಚ್ಚಿ ಒಲೆಯ ಮೇಲೆ ಹಾಲಿಟ್ಟೆ. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದು ಕೈಯಲ್ಲಿ ಮಂಚದ ಕಾಲು. ಟ್ರ್ಯಾಕ್ಟರು ಗುಡುಗಿತು. ಗಾಲಿಮನೆ ಹಿಮ್ಮುಖವಾಗಿ ಗೇಟಿನೊಳಗೆ ಇಷ್ಟಿಷ್ಟೇ ಇಳಿಯಿತು. ಕಂಬಗಳು ನಾಲ್ಕು ನಾಲ್ಕು ಬೆರಳಿನ ಅಂತರದಲ್ಲಿ ಕಿಟಕಿಯ ಮುಂದೆ ಹಾದುಹೋದವು. ನನ್ನ ಅಳತೆ! ನನ್ನ ಎದೆ ಹಾಲಿಗಿಂತ ಮೊದಲೇ ಉಕ್ಕಿತು.

"ಬಂತಲ್ಲೇ ಒಳಕ್ಕೆ, ಕೋಮಲಾ!" ಎಂದು ಕೂಗಿದೆ.

"ಕಲ್ಲು, ಕಲ್ಲು ನೋಡ್ಕಳ್ರೀ," ಎಂದು ಅವಳು ಕೂಗಿದ್ದು ಕೇಳುವಷ್ಟರಲ್ಲಿ 'ಡಬ್' ಎಂದು ಟೈರು ಒಡೆಯಿತು. ಮನೆ ರಂಗನಾಥನ ಕಾಂಪೌಂಡಿನ ಕಡೆಗೆ ವಾಲಿ, ಗೋಡೆಗೆ ಒರಗಿ ನಿಂತಿತು.

ಒಗೆಯುವ ಕಲ್ಲು. ಈ ಮನೆ ಕಟ್ಟಿದಾಗಿನಿಂದ ಅದು ಓಣಿಯ ನಡುವೆ, ಅರ್ಧ ದಾರಿಗೆ ಅಡ್ಡವಾಗಿ ಕೂತಿದೆ. ನನ್ನ ಬಟ್ಟೆಗಳಿಗೆಲ್ಲ ಅದರ ಪರಿಚಯವಿತ್ತು, ನನಗೆ ಇರಲಿಲ್ಲ.

"ಉಕ್ತೇನ್ಲಾ?" ಅಮ್ಮನ ಧ್ವನಿ.

"ಉಕ್ಕಿತಮ್ಮ."

"ಯಾವ ದಿಕ್ಕಿಗೆ?"

"ಎಲ್ಲ ದಿಕ್ಕಿಗೂ. ಪಂಚೆ ಮೇಲೂ." ಒಲೆ ಆರಿಸಿದೆ. ಗೂಡಿನ ದೀಪ ಮಾತ್ರ ಹೇಗೋ ಉಳಿದಿತ್ತು.

"ಇಂತಾ ಶುಭ ನಾ ಕಂಡೇ ಇಲ್ಲ," ಎಂದು ಅಮ್ಮ ಬೀದಿಯವರಿಗೆಲ್ಲ ಹೇಳಿದರು.

ಬಾಗಿಲು ತಳ್ಳಿದೆ. ಅದು ರಂಗನಾಥನ ಕಾಂಪೌಂಡಿಗೆ ಮುತ್ತಿಟ್ಟು ನಿಂತಿತು. ಸಂದಿಯಲ್ಲಿ ನನ್ನ ಮೂಗು ಹೊರಬಂತು, ನಾನು ಬರಲಿಲ್ಲ. ಕಿಟಕಿಗಳಿಗೆಲ್ಲ ಗ್ರಿಲ್ಲು. ಕಳ್ಳರು ಒಳಗೆ ಬರದಂತೆ ಮಾಡಿದ ಏರ್ಪಾಡು ಯಜಮಾನನ ಮೇಲೂ ಅಷ್ಟೇ ನಿಷ್ಠೆಯಿಂದ ಕೆಲಸ ಮಾಡಿತು.

ಪುಟ್ಟಮಾದಯ್ಯ ಬಗ್ಗಿ ನೋಡಿದ. "ಮಡ್‌ಗಾರ್ಡು ಕಲ್ಲಿಗೆ ಕಚ್ಕಂಡದೆ ಸಾ. ದೊಡ್ಡ ಜಾಕು ಬೇಕು, ನಾಳೆ ಒತ್ತಾರೆ ತತ್ತೀನಿ. ಅಲ್ಲಿ ಐಕ್ಳು ನನ್ ಕಬ್ಬು ಎಳೀತಾವೆ, ಓದೆ," ಎಂದು ಟ್ರ್ಯಾಕ್ಟರನ್ನು ಕಳಚಿಕೊಂಡು ಹೋಗಿಯೇಬಿಟ್ಟ.

"ವೆಲ್ಡಿಂಗಿನವನ್ನ ಕರೆಸಿ ಗ್ರಿಲ್ಲು ಕುಯ್ಸಮ್ಮ," ಎಂದೆ.

"ಆಲುಕ್ಕಿದ ದಿನ ಮನೆ ಕುಯ್ತಾರೇನ್ಲಾ? ಬಾಯಿ ಮುಚ್ಚು. ದೀಪ ಅಚ್ಚಿದ ಹೊಸ ಮನೆ ಅವತ್ತು ಖಾಲಿ ಬುಡಂಗೂ ಇಲ್ಲ. ನೀನು ಇರ್ಬೇಕಾದ ಕಡೆಗೇ ಇದ್ದೀಯ."

ಕೋಮಲ ಬೀದಿಯ ಕಡೆಯಿಂದ ಮುಂದಿನ ಕಿಟಕಿಗೆ ಬಂದಳು. ಹಂಸಗಳ ಸಂದಿಯಿಂದ ರೊಟ್ಟಿ, ಕಾಯಿ ಚಟ್ನಿ, ಒಣ ಪಂಚೆ, ಕೊನೆಗೆ ತಿರುಚಿ ಮುರುಚಿ ತನ್ನ ದಿಂಬನ್ನೂ ಒಳಗೆ ತುರುಕಿದಳು.

"ನಿನ್ನ ದಿಂಬು ಯಾಕೆ?"

"ನೀವು ಒಬ್ರೇ ಇರ್ತೀರಲ್ಲ, ಇರ್ಲಿ ಅಂತ." ಸೆರಗಿನ ತುದಿ ತಿರುಗಿಸಿದಳು. "ಗೇಟು ದಾಟಿ ಒಳಕ್ಕೆ ಬಂತಲ್ಲ. ನನ್ ಮಾತು ಮಾತೇ. ಬ್ಯಾಗೂ ಕಟ್ಟಿವ್ನಿ, ಅತ್ತೆ ಅರಕೆನೂ ಅದೆ. ರಾತ್ರಿಗೆ ಹನೂರು ಕಡೆ ಶಾಗ್ಯದಲ್ಲಿ ನಮ್ಮ ನೆಂಟ್ರು ಚಿಕ್ಕಮಾದಮ್ಮಕ್ಕನ ಮನೆ ಅದೆ, ಲಾಡ್ಜು ಬ್ಯಾಡ. ಬೆಟ್ಟದ ಬಸ್ಸು ಎಷ್ಟೊತ್ಗೆ ಅದೆ ಈಗ?"

ಉತ್ತರ ಹೇಳಬಾರದೆಂದು ಹಲ್ಲು ಕಚ್ಚಿದೆ. ಆದರೆ ಕಿಟಕಿ, ಸರಳು, ಆಚೆ ಬ್ಯಾಗು ಹಿಡಿದು ನಿಂತ ಹೆಂಗಸು. ಗಂಟಲು ನನ್ನ ಮಾತು ಕೇಳಲಿಲ್ಲ.

"ಹನೂರು ಮಾರ್ಗವಾಗಿ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು ಇನ್ನು ಅರ್ಧ ಗಂಟೆಯಲ್ಲಿ ಹೊರಡಲಿದೆ. ಎಡಗಡೆ ಕಿಟಕಿ ಹಿಡಿ. ತಿರುವಿನಲ್ಲಿ ಗುಡ್ಡ ಕಾಣ್ತದೆ."

"ನೋಡ್ಕಂಡು ಬಂದು ಎಲ್ಲ ಏಳ್ತೀನಿ," ಎಂದಳು. ಅಮ್ಮನ ಕೈ ಹಿಡಿದು ನಡೆಯುತ್ತ ಬೀದಿಯ ತಿರುವಿನ ತನಕ ಮೂರು ಸಲ ತಿರುಗಿ ನೋಡಿದಳು. ನಾನು ಕೈ ಬೀಸಿದೆ. ಕಾಲುಗಳು ಏಳು ಎಂದವು. ಎದ್ದೆ. ನಡೆ ಎಂದವು. ಮಂಚದಿಂದ ಒಲೆಗೆ, ಒಲೆಯಿಂದ ಮಂಚಕ್ಕೆ ನಡೆದೆ.

ಆಗ ಕಿಟಕಿಯಲ್ಲಿ ನೆರಳಾಡಿತು. ಕೈಚೀಲ ಹಿಡಿದ ಮುದುಕರೊಬ್ಬರು ಗೇಟಿನೊಳಗೆ ಬಂದು ಹಂಸಗಳ ನಡುವೆ ಇಣುಕುತ್ತಿದ್ದರು.

"ಸಾ, ಯಳಂದೂರಿಗೆ ಇನ್ನು ಎಷ್ಟೊತ್ಗೆ ಬಸ್ಸು?"

ಅವರ ಹಿಂದೆ ಇನ್ನಿಬ್ಬರು ಬರುತ್ತಿದ್ದರು.

ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು ಕಿಟಕಿಯ ಬಳಿ ಕುಳಿತೆ. "ನೂಕಬೇಡಿ," ಎಂದೆ, "ಸಾಲಾಗಿ ಬನ್ನಿ."